ಮೂಳೆಯ ಬಿಳುಪು

ಅಕ್ಕ ಇಂಗ್ಲೆಂಡಿನಿಂದ ತಂದಿದ್ದ ಕಪ್ಪಿನಲ್ಲಿ ನಾನು ಒಂದಿಡೀ ಮಳೆಗಾಲ ಕಾಫಿ ಕುಡಿದೆ. ಅದನ್ನು ಯಾವುದರಿಂದ ಮಾಡಿದ್ದಾರೆ ಅಂತ ಗೊತ್ತಾದ ದಿನ ಹಿತ್ತಲಿನ ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು, ಹೊಟ್ಟೆಯಲ್ಲಿ ಏನೂ ಉಳಿಯದಂತೆ ಕಕ್ಕಿದೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಭದ್ರಾವತಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನನಗೆ ಹೊಸದಾಗಿ ಟೀಚರ್ ಕೆಲಸ ಸಿಕ್ಕಿತ್ತು. ನಮ್ಮ ಮನೆ ಇದ್ದದ್ದು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ; ಕೆಳಗೆ ಅಪ್ಪಯ್ಯನ ಜವಳಿ ಅಂಗಡಿ, ಮಹಡಿಯ ಮೇಲೆ ನಾವು. ದಿನಾ ರೈಲಿನಲ್ಲಿ ಓಡಾಡುವುದು ಬೇಡವೆಂದು ನಾನು ಭದ್ರಾವತಿಯ ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿದ್ದ ಅಕ್ಕನ ಮನೆಯಲ್ಲೇ ಉಳಿದುಕೊಂಡೆ. ಭಾವ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಇಂಜಿನಿಯರು. ಅವರು ತರಬೇತಿಗೆಂದು ಇಂಗ್ಲೆಂಡಿಗೆ ಹೋದಾಗ ಅಕ್ಕನೂ ಜೊತೆಗೆ ಹೋಗಿದ್ದಳು. ಅಲ್ಲಿ ಭಾವ ಇಡೀ ದಿನ ಕುಲುಮೆಯ ಮುಂದೆ ಇರುತ್ತಿದ್ದರು. ಇವಳು ಹೊತ್ತು ಹೋಗದೆ ಆ ಊರಿನ ಪಿಂಗಾಣಿ ಶಾಲೆಗೆ ಸೇರಿಕೊಂಡಳು. ಹೊತ್ತು ಕಳೆಯಲು ಶುರುವಾದದ್ದು ತಲೆಗೆ ಹತ್ತಿತು. ವಾಪಸು ಬಂದಾಗ ಅವಳ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಹೆಚ್ಚಾಗಿ ಜರಡಿ, ಬ್ರಷ್ಷು, ಪ್ಲಾಸ್ಟರ್ ಪುಡಿಯ ಪೊಟ್ಟಣಗಳಿದ್ದವು. ಮತ್ತೆ ಆ ಬಿಳಿ ಕಪ್ಪುಗಳು.

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆ. ಅಮ್ಮನ ಅಡುಗೆಮನೆಗೆ ಪಿಂಗಾಣಿಯೇ ಬರುತ್ತಿರಲಿಲ್ಲ. ಅದು ಅವಳ ಲೆಕ್ಕದಲ್ಲಿ ಹೋಟೆಲಿನ ಪಾತ್ರೆ, ಯಾರ್ಯಾರೋ ಬಾಯಿಟ್ಟದ್ದು. ನಮಗೆ ಹಿತ್ತಾಳೆ ಲೋಟವೇ. ಹಾಗಾಗಿ ಅಕ್ಕನ ಮನೆಯ ಕಪ್ಪು ನನಗೆ ದೊಡ್ಡ ಸಂಭ್ರಮವಾಗಿತ್ತು. ತುಟಿಗೆ ತಾಕಿದರೆ ತಾಕಿತೋ ಇಲ್ಲವೋ ಅನ್ನುವಷ್ಟು ತೆಳುವು.

ಒಂದು ಭಾನುವಾರ ಬೆಳಿಗ್ಗೆ ಅಕ್ಕ ತನ್ನ ಕಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ನೋಡೇ, ಆಚೆ ಕಡೆ ನನ್ನ ಬೆರಳು ಕಾಣ್ತಿದೆ. ನಾನು ಎಷ್ಟು ಒದ್ದಾಡಿದ್ರೂ ನಮ್ಮ ಮಣ್ಣಲ್ಲಿ ಇದು ಬರ್ತಿಲ್ಲ. ಸಾಗರದ ಕಡೆ ಶೇಡಿ ಮಣ್ಣು ತರಿಸ್ದೆ, ಏಳು ನೀರಲ್ಲಿ ತೊಳೆದೆ. ಬೆಳ್ಳಗೇನೋ ಆಗುತ್ತೆ, ಸುಣ್ಣ ಬಳಿದ ಗೋಡೆ ಥರ. ಬೆಳಕು ದಾಟಲ್ಲ. ಮೂಳೆ ಇಲ್ದೆ ಆಗಲ್ಲ."

"ಏನಿಲ್ದೆ?"

"ಮೂಳೆ ಕಣೇ, ದನದ ಮೂಳೆ. ಸುಟ್ಟು ಬೂದಿ ಮಾಡಿ ಮಣ್ಣಿಗೆ ಅರ್ಧಕ್ಕರ್ಧ ಬೆರೆಸ್ತಾರೆ. ಇಂಗ್ಲೆಂಡಲ್ಲಿ ಎಲ್ಲಾ ಹಂಗೇ. ನಿನ್ನ ಕೈಲಿರೋದೂ ಅದೇ."

ನಾನು ಬಚ್ಚಲಿನಿಂದ ಮುಖ ತೊಳೆದುಕೊಂಡು ಬಂದಾಗ ಅಕ್ಕ ಅಲ್ಲೇ ಕೂತು ಕಾಫಿ ಮುಗಿಸುತ್ತಿದ್ದಳು.

"ಬೆಂಕೀಲಿ ಹೋಗಿ ಬಂದಿದ್ದಕ್ಕೆ ಎಂಥ ಮೈಲಿಗೆ ಮಾರಾಯ್ತಿ? ವಿಭೂತಿ ಎಂಥದ್ರಿಂದ ಮಾಡ್ತಾರೆ ಹೇಳು? ಸಗಣಿ ತಾನೆ?"

"ಸಗಣಿ ದನ ಕೊಟ್ಟಿದ್ದು. ಮೂಳೆ ದನಾನೇ," ಅಂದೆ.

ಅಕ್ಕ ಖಾಲಿ ಕಪ್ಪನ್ನು ಮತ್ತೆ ಬೆಳಕಿಗೆ ಹಿಡಿದಳು. ಮೂಳೆ ಬೆರೆಸಿಯೇ ಮಾಡುವುದೆಂದು ಅವಳು ಆಗಲೇ ನಿಶ್ಚಯ ಮಾಡಿಯಾಗಿತ್ತು. ಅವಳ ಮನಸ್ಸಿನಲ್ಲಿ ಇದ್ದದ್ದು ಗುಲಾಬಿ ಬಳ್ಳಿ ಬರೆದ ಕಪ್ಪು-ಸಾಸರು ಅಲ್ಲ. "ಇಂಗ್ಲಿಷರ ತೋಟದ ಹೂವು ನಾನ್ಯಾಕೆ ಬರೀಲಿ?" ಅನ್ನುತ್ತಿದ್ದಳು. ರಾಣಿಯರ ಮೇಜಿಗೆಂದು ಇದ್ದ ಆ ಪಿಂಗಾಣಿಯಲ್ಲಿ ನಮ್ಮ ಬೀದಿಯ ಸಾಮಾನು ಮಾಡಬೇಕು ಅನ್ನುವುದು ಅವಳ ಹುಚ್ಚು. ಹಾಲಿನ ಪುಡಿಯ ಡಬ್ಬ, ಸೈಕಲ್ ದೀಪ, ಶಿಫ್ಟಿಗೆ ಹೋಗುವವರ ಟಿಫಿನ್ ಕ್ಯಾರಿಯರ್, ಕರೆಂಟ್ ಬಲ್ಬು, ಸೀಮೆಎಣ್ಣೆ ಅಳೆಯುವ ತಗಡಿನ ಲೋಟ. ತಗ್ಗು ಬಿದ್ದದ್ದನ್ನು ತಗ್ಗು ಬಿದ್ದ ಹಾಗೆಯೇ ಅಚ್ಚು ತೆಗೆದು, ಹಾಲಿನಂಥ ಬಿಳಿ ಪಿಂಗಾಣಿಯಲ್ಲಿ ಎರಕ ಹೊಯ್ಯುವುದು. ಅಚ್ಚುಗಳೆಲ್ಲ ತಯಾರಾಗಿ ಜಗಲಿಯಲ್ಲಿ ಸಾಲಾಗಿ ಕೂತಿದ್ದವು. ಕಡಿಮೆ ಇದ್ದದ್ದು ಮೂಳೆ.

ರೈಲು ಹಳಿಯ ಆಚೆ ಒಬ್ಬ ಮೂಳೆ ವ್ಯಾಪಾರಿಯ ಬಯಲಿತ್ತು. ಸುತ್ತಲ ಊರುಗಳಲ್ಲಿ ಸತ್ತ ದನಗಳ ಮೂಳೆಯನ್ನು ಅಲ್ಲಿ ರಾಶಿ ಹಾಕಿ, ಗೊಬ್ಬರ ಮಾಡುವವರಿಗೆ ವ್ಯಾಗನ್ನಿನಲ್ಲಿ ಕಳಿಸುತ್ತಿದ್ದರು. ಅಕ್ಕ ಅವನಿಗೆ ಹೇಳಿಕಳಿಸಿದಳು. ಅವನು ಗಾಡಿ ಹೊಡೆದುಕೊಂಡು ನೇರವಾಗಿ ಕ್ವಾರ್ಟರ್ಸಿನ ಮುಂಬಾಗಿಲಿಗೇ ಬಂದ. ಗಾಡಿಗೆ ಕಟ್ಟಿದ್ದು ಎರಡು ಎತ್ತು. ಗಾಡಿಯಲ್ಲಿ ಇದ್ದದ್ದೂ ಎತ್ತಿನದೇ.

"ಪೂರಾ ಒಣಗಿದ ಮಾಲು ಅಮ್ಮಾ, ಏಕ್‌ದಂ ಸಾಫ್. ವಾಸ್ನೆ ಬಂದ್ರೆ ವಾಪಸ್ ಕೊಡಿ," ಅಂದ.

ಸುಳ್ಳು. ಗೋಣಿ ಬಿಚ್ಚಿದರೆ ಕೀಲುಗಳಲ್ಲಿ ಕಪ್ಪಗೆ ಒಣಗಿದ ಮಾಂಸದ ಎಳೆಗಳು ಅಂಟಿಕೊಂಡೇ ಇದ್ದವು. ಒಂದು ದವಡೆಯಲ್ಲಿ ಹಲ್ಲುಗಳ ನಡುವೆ ಹುಲ್ಲು ಸಿಕ್ಕಿಕೊಂಡಿತ್ತು, ಇನ್ನೂ ಜಗಿಯುವುದು ಬಾಕಿ ಇದೆ ಅನ್ನುವ ಹಾಗೆ. ನಾನು ಅದನ್ನು ನೋಡಬಾರದಿತ್ತು. ಅಂದಿನಿಂದ ಬೀದಿಯಲ್ಲಿ ಮೆಲುಕು ಹಾಕುತ್ತ ಮಲಗಿದ ದನ ಕಂಡರೆ ಕಣ್ಣು ತಾನಾಗಿ ಅದರ ದವಡೆಗೆ ಹೋಗುತ್ತಿತ್ತು.

ಸುಡುವ ಮೊದಲು ಮೂಳೆಯನ್ನು ಬೇಯಿಸಿ ಜಿಡ್ಡು ತೆಗೆಯಬೇಕು. ಅದಕ್ಕೆ ಅಕ್ಕ ಬಚ್ಚಲುಮನೆಯ ಹಳೆಯ ತಾಮ್ರದ ಹಂಡೆಯನ್ನೇ ಹಿತ್ತಲಿಗೆ ಸಾಗಿಸಿದಳು. ಸ್ನಾನಕ್ಕೆ ಹೊಸ ಹಂಡೆ ಬಂತು, ಆದರೆ ಎರಡೂ ಒಂದೇ ಥರ ಇದ್ದವು. ನಾನು ಬಿಸಿನೀರು ಬಿಟ್ಟು ತಣ್ಣೀರು ಹೊಯ್ದುಕೊಳ್ಳಲು ಶುರುಮಾಡಿದೆ.

ಮೂಳೆ ಬೇಯುವ ವಾಸನೆಯನ್ನು ಹೇಗೆ ಹೇಳಲಿ? ಮೊದಮೊದಲು ಅದು ಕೆಟ್ಟ ವಾಸನೆಯೇ ಅಲ್ಲ. ಯಾರ ಮನೆಯಲ್ಲೋ ಏನೋ ಅಡುಗೆ ಆಗುತ್ತಿದೆ ಅನ್ನಿಸುತ್ತದೆ. ಶಾಲೆಯಿಂದ ಹಸಿದು ಬಂದವಳ ಬಾಯಲ್ಲಿ ನೀರು ಊರುತ್ತಿತ್ತು. ಮರುಕ್ಷಣ ಅದೇನೆಂದು ನೆನಪಾಗಿ, ಊರಿದ ನೀರನ್ನು ನುಂಗಲೂ ಆಗದೆ ಉಗುಳಲೂ ಆಗದೆ ಬಾಗಿಲಲ್ಲಿ ನಿಲ್ಲುತ್ತಿದ್ದೆ. ನನ್ನ ಬಾಯಿಯ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು. ಎರಡನೆಯ ದಿನಕ್ಕೆ ವಾಸನೆ ತಿರುಗುತ್ತಿತ್ತು. ಹಂಡೆ ಆರಿದಾಗ ಮೇಲೆ ತುಪ್ಪದ ಹಾಗೆ ಹಳದಿ ಪದರ ಕಟ್ಟುತ್ತಿತ್ತು. ಅಕ್ಕ ಸೌಟಿನಲ್ಲಿ ಅದನ್ನು ಕೆರೆದು ತೆಂಗಿನ ಬುಡಕ್ಕೆ ಹಾಕುತ್ತಿದ್ದಳು. ಬೀದಿಯ ನಾಯಿಗಳೆಲ್ಲ ಬೇಲಿಯ ಹೊರಗೆ ಬಾಯಿ ಬಿಟ್ಟುಕೊಂಡು ಕೂರುತ್ತಿದ್ದವು. ಒಂದು ಕಾಗೆ ಎಲುಬಿನ ಚೂರನ್ನು ಕಚ್ಚಿಕೊಂಡು ಹೋಗಿ ಪಕ್ಕದ ಮನೆಯ ತುಳಸಿಕಟ್ಟೆಯ ಮೇಲೆ ಹಾಕಿದ ದಿನ ಆ ಮನೆಯಾಕೆ ನಮ್ಮ ಜೊತೆ ಮಾತು ಬಿಟ್ಟರು.

ಭಾವ ಒಳ್ಳೆಯವರು. "ಕಾರ್ಖಾನೆ ಹೊಗೆ ಕುಡಿದು ನನ್ನ ಮೂಗು ಸತ್ತೇ ಹೋಗಿದೆ, ನನಗೇನೂ ಗೊತ್ತಾಗಲ್ಲ," ಅನ್ನುತ್ತಿದ್ದರು. ಆದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುವುದನ್ನು ನಿಲ್ಲಿಸಿ, ಕ್ಯಾಂಟೀನಿನಲ್ಲೇ ಊಟ ಮಾಡತೊಡಗಿದರು.

ಅಕ್ಕ ಮಾತ್ರ ಸೆರಗು ಸಿಕ್ಕಿಸಿಕೊಂಡು, ಮೊಣಕೈವರೆಗೆ ಆ ನೀರಿನಲ್ಲಿ ಕೈ ಅದ್ದಿ ಮೂಳೆ ಉಜ್ಜುತ್ತಿದ್ದಳು. ಮದುವೆಯ ದಿನ ಆ ಕೈಗೆ ನಾನೇ ಮದರಂಗಿ ಹಚ್ಚಿದ್ದೆ. ಅದೇ ಕೈಯಲ್ಲಿ ಅವಳು ನನಗೆ ರೊಟ್ಟಿ ಬಡಿಸುವಾಗ, ಸೋಪು ಹಾಕಿ ಮೂರು ಸಲ ತೊಳೆದದ್ದನ್ನು ಕಣ್ಣಾರೆ ಕಂಡಿದ್ದರೂ, ಅವಳ ಬೆರಳು ತಾಕಿದ ಅಂಚನ್ನು ಮುರಿದು ಪಕ್ಕಕ್ಕಿಡುತ್ತಿದ್ದೆ.

ಹಿತ್ತಲ ಮೂಲೆಯಲ್ಲಿ ಗುಜರಿಯಿಂದ ಕೊಂಡ ಬೆಂಕಿ ತಡೆಯುವ ಹಳೆಯ ಇಟ್ಟಿಗೆಯ ಗೂಡು ಎದ್ದಿತು. ಅದರಲ್ಲಿ ಮೂಳೆ ಸುಟ್ಟಾಗ ತಲೆಕೂದಲು ಸುಟ್ಟಂಥ ನಾತ ಕ್ವಾರ್ಟರ್ಸಿನ ಇಡೀ ಸಾಲಿಗೆ ಹಬ್ಬಿತು. ಆಮೇಲೆ ಉಳಿದದ್ದು ಮಾತ್ರ ಸೀಮೆಸುಣ್ಣದಂಥ ಬಿಳಿ ತುಂಡುಗಳು. ವಾಸನೆ ಇಲ್ಲ, ಜಿಡ್ಡಿಲ್ಲ, ಬೆರಳಲ್ಲಿ ಒತ್ತಿದರೆ ಪುಡಿ. ಅದನ್ನು ಅರೆದು, ಸೋಸಿ, ಮಣ್ಣಿಗೂ ಗಾಜಿನಂತೆ ಕರಗುವ ಒಂದು ಬಗೆಯ ಕಲ್ಲಿನ ಪುಡಿಗೂ ಬೆರೆಸಿ, ಕೆನೆಯಂತೆ ಕಲಸಿ ಅಚ್ಚಿಗೆ ಹೊಯ್ದಳು. ಮೊದಲ ಸಲ ಗೂಡು ತೆರೆದಾಗ ಎಲ್ಲವೂ ಮೇಣದ ಹಾಗೆ ಕುಸಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಎರಡನೆಯ ಸಲ ಬಿರುಕು ಬಿಟ್ಟಿದ್ದವು. ಮತ್ತೆ ಗಾಡಿ ಬಂತು, ಮತ್ತೆ ಹಂಡೆ ಏರಿತು. ಹೀಗೆ ಒಂದು ವರ್ಷದ ಮೇಲಾಯಿತು.

ಕೊನೆಗೆ ಬಂದದ್ದನ್ನು ನಾನು ಇಲ್ಲ ಅನ್ನಲಾರೆ. ಸೈಕಲ್ ದೀಪವನ್ನು ಅಕ್ಕ ಬಿಸಿಲಿಗೆ ಹಿಡಿದಾಗ ಅದು ಒಳಗಿನಿಂದಲೇ ಬೆಳಗಿದ ಹಾಗೆ ಕಂಡಿತು. ಟಿಫಿನ್ ಕ್ಯಾರಿಯರಿನ ಮೂರು ಡಬ್ಬಿಗಳೂ ಒಂದರ ಮೇಲೊಂದು ಸರಿಯಾಗಿ ಕೂತವು. ಲೋಟಗಳ ಅಂಚಿನಲ್ಲಿ ತಗಡು ಮಡಚಿದ ಗೆರೆ, ಡಬ್ಬದ ಹೊಟ್ಟೆಯಲ್ಲಿ ತಗ್ಗು, ಎಲ್ಲ ಇದ್ದ ಹಾಗೇ. ಅಷ್ಟು ಚೆಂದದ ವಸ್ತುವನ್ನು ನಾನು ಅದುವರೆಗೆ ಕೈಯಲ್ಲಿ ಹಿಡಿದಿರಲಿಲ್ಲ. ಹಿಡಿದ ಮರುಗಳಿಗೆಯೇ ಆ ದವಡೆಯ ಹುಲ್ಲು ನೆನಪಾಗಿ, ಮೆಲ್ಲಗೆ ಕೆಳಗಿಟ್ಟು ಕೈಯನ್ನು ಸೀರೆಗೆ ಒರೆಸಿಕೊಂಡೆ.

ಸುದ್ದಿ ಕಾರ್ಖಾನೆಯ ಆಫೀಸರುಗಳ ಹೆಂಡಂದಿರ ಕ್ಲಬ್ಬಿಗೆ ಹೋಯಿತು. ಅದರ ಅಧ್ಯಕ್ಷೆ ಒಬ್ಬ ಹಿರಿಯ ಅಧಿಕಾರಿಯ ಹೆಂಡತಿ. ಬಂದು ನೋಡಿ ಬಾಯಿ ತುಂಬ ಹೊಗಳಿದರು. ಆ ಹೊತ್ತಿಗೆ ಹಂಡೆ ತೊಳೆದು ಬೋರಲು ಹಾಕಿತ್ತು, ವಾಸನೆ ಇರಲಿಲ್ಲ, ಅವರು ಏನನ್ನೂ ಕೇಳಲಿಲ್ಲ. "ನಮ್ಮ ಊರಲ್ಲೇ ಇಂಥಾದ್ದು! ಕ್ಲಬ್ಬಲ್ಲಿ ಎಕ್ಸಿಬಿಷನ್ ಇಡೋಣ. ಟೀನೂ ನಿಮ್ಮ ಲೋಟದಲ್ಲೇ ಕೊಡೋಣ," ಅಂದರು. ಅಕ್ಕನ ಮುಖ ಅರಳಿತು. ಅಪ್ಪಯ್ಯ ಅಮ್ಮನನ್ನೂ ಕರೆಸಬೇಕು ಅಂದಳು.

ಅಧ್ಯಕ್ಷೆ ಹೋದ ಮೇಲೆ ನಾನು ಹೇಳಿದೆ: "ಅಕ್ಕಾ, ಅಪ್ಪಯ್ಯನಿಗೆ ಗೊತ್ತಿಲ್ಲ. ಅವರ ಬಾಯಿಗೆ ಅದು ಹೋಗಬಾರ್ದು."

"ಹೋಗಲ್ಲ. ನಾನೇ ಹೇಳ್ತೀನಿ."

ಅಪ್ಪಯ್ಯನನ್ನು ಪಕ್ಕಕ್ಕೆ ಕರೆದು ಹೇಳುತ್ತಾಳೆ ಅಂತ ನಾನು ತಿಳಿದುಕೊಂಡೆ.

ಆ ದಿನ ಅಪ್ಪಯ್ಯ ಜರಿ ರುಮಾಲು ಸುತ್ತಿಕೊಂಡು ರೈಲಿನಿಂದ ಇಳಿದರು. ಕ್ಲಬ್ಬಿನಲ್ಲಿ ಅವರನ್ನೂ ಅಮ್ಮನನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದರು. ಮೇಜುಗಳ ಮೇಲೆ ಬಿಳಿ ಬಟ್ಟೆ ಹಾಸಿ ಅಕ್ಕನ ಸಾಮಾನುಗಳನ್ನು ಜೋಡಿಸಿದ್ದರು. ಜನ ಬಗ್ಗಿ ಬಗ್ಗಿ ನೋಡುತ್ತಿದ್ದರು, ಬೆರಳಲ್ಲಿ ತಟ್ಟಿ ಟಣ್ ಅನ್ನಿಸುತ್ತಿದ್ದರು. ಅಮ್ಮ ಸೈಕಲ್ ದೀಪವನ್ನು ಎತ್ತಿಕೊಂಡು, "ಎಷ್ಟು ಹಗುರ ಇದೆಯಲ್ಲೇ," ಅಂತ ಮಡಿಲಲ್ಲೇ ಇಟ್ಟುಕೊಂಡಳು. ಉಪ್ಪಿಟ್ಟು, ಕೋಡುಬಳೆ ಆಯಿತು. ಲೋಟಗಳು ತಟ್ಟೆಗಳಲ್ಲಿ ಸುತ್ತಿಬಂದು ಎಲ್ಲರ ಕೈ ಸೇರಿದವು. ಅಪ್ಪಯ್ಯನ ಕೈಗೂ ಬಂತು. ನಾನು ಅಕ್ಕನ ಕಡೆ ನೋಡಿದೆ.

ಅಕ್ಕ ಎದ್ದು ನಿಂತಳು. "ಟೀ ಹಾಕೋಕೆ ಮುಂಚೆ ಒಂದು ಮಾತು ಹೇಳಿಬಿಡ್ತೀನಿ. ಈ ಪಿಂಗಾಣೀಲಿ ಅರ್ಧ ಪಾಲು ದನದ ಮೂಳೆಯ ಬೂದಿ. ಹಂಗಾಗೇ ಇದಕ್ಕೆ ಈ ಬಿಳುಪು. ಮೂಳೆ ಇದೇ ಊರಿಂದು, ನಾನೇ ಬೇಯಿಸಿ ಸುಟ್ಟಿದ್ದು. ಬೇಡ ಅನ್ನೋರು ಕುಡೀಬೇಡಿ, ನನಗೇನೂ ಬೇಜಾರಿಲ್ಲ."

ಲೋಟಗಳು ತಟ್ಟೆಗೆ ಬೀಳತೊಡಗಿದವು. ಕೆಲವರು ಇಟ್ಟರು, ಕೆಲವರು ಎಸೆದ ಹಾಗೆ ಬಿಟ್ಟರು, ಮೂರ್ನಾಲ್ಕು ಒಡೆದವು. ಒಬ್ಬಾಕೆ ಇನ್ನೂ ಬಾಯಿಗೇ ಇಟ್ಟಿರದಿದ್ದರೂ ಕರ್ಚೀಫಿಗೆ ಓಕರಿಸಿದರು. ವರಾಂಡದಲ್ಲಿ ನಿಂತಿದ್ದ ಒಬ್ಬ ಗಂಡಸು ಕಟಾಂಜನದ ಕಂಬಿಗಳ ಆಚೆಗೆ ಥೂ ಎಂದು ಉಗುಳಿದ. ಶನಿವಾರದ ಸಂಜೆಗಳಲ್ಲಿ ಅದೇ ವರಾಂಡದಲ್ಲಿ ಕೂತು ಆತ ಕುರಿಯ ಮೂಳೆ ಚೀಪುವುದನ್ನು ಭಾವ ನೋಡಿದ್ದರು.

ಅಧ್ಯಕ್ಷೆಯ ಮುಖ ಕೆಂಪಾಗಿತ್ತು. "ಏನ್ರೀ ಇದು, ಇಷ್ಟು ಜನರ ಮುಂದೆ!" ಅಂತ ಅಕ್ಕನಿಗೆ ಗದರಿ, ಜವಾನನನ್ನು ಕೂಗಿ, ಗಾಜಿನ ಬೀರುವಿನಲ್ಲಿದ್ದ ಕ್ಲಬ್ಬಿನ ಫಾರಿನ್ ಟೀ ಸೆಟ್ಟು ತರಿಸಿದರು. ಹಳೆಯದು, ಅಂಚಿಗೆ ಚಿನ್ನದ ಗೆರೆ, ಮೈ ತುಂಬ ಗುಲಾಬಿ. ಎಲ್ಲರ ಮುಖದಲ್ಲೂ ಜೀವ ಬಂತು. ಅಪ್ಪಯ್ಯನಿಗೂ ಒಂದು ಕಪ್ಪು ಟೀ ಕೊಟ್ಟರು. ನನ್ನ ಕೈಗೆ ಬಂದ ಸಾಸರನ್ನು ತಿರುಗಿಸಿ ನೋಡಿದೆ. ಅಡಿಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ನಾನು ಗಟ್ಟಿಯಾಗಿ ಓದಿದೆ:

"ಬೋನ್ ಚೈನಾ. ಅಪ್ಪಯ್ಯಾ, ಇದೂ ಮೂಳೇದೇ. ಕುಡೀಬೇಡಿ."

ಅಪ್ಪಯ್ಯ ಕಪ್ಪನ್ನು ಕೆಳಗಿಟ್ಟರು. ಉಳಿದವರು ಇಡಲಿಲ್ಲ. ಅಧ್ಯಕ್ಷೆ ನಕ್ಕರು. "ಅದು ಫಾರಿನ್ನದಮ್ಮ, ಅದರ ವಿಷ್ಯ ಬೇರೆ. ಅಲ್ಲೆಲ್ಲ ಮಿಷಿನ್ನಲ್ಲಿ ಕ್ಲೀನಾಗಿ ಮಾಡ್ತಾರೆ. ಇದು ಯಾವ ಕೇರೀದೋ, ಯಾರ್ಯಾರು ಮುಟ್ಟಿದ್ದೋ."

ಸುತ್ತಲಿದ್ದವರು ತಲೆದೂಗಿ ಟೀ ಕುಡಿದರು. ಸೊರ್ ಸೊರ್ ಎಂದು ಕುಡಿಯುವ ಆ ಸದ್ದು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಅದುವರೆಗೆ ಮೂಳೆ, ಜಿಡ್ಡು, ನಾತ ಇವೇ ಹೇಸಿಗೆ ಅಂದುಕೊಂಡಿದ್ದೆ. ಚಿನ್ನದ ಗೆರೆಗೆ ತುಟಿ ಒತ್ತಿ, ಮೂಳೆಯನ್ನಲ್ಲ, ಅದನ್ನು ಹೆಕ್ಕಿದವನ ಕೈಯನ್ನು ಅಸಹ್ಯಪಡುತ್ತಿದ್ದ ಆ ಬಾಯಿಗಳನ್ನು ನೋಡಿ, ಹಂಡೆಯ ಮುಂದೆ ನಿಂತಾಗಲೂ ಬಂದಿರದಂಥ ವಾಕರಿಕೆ ಬಂತು.

ಅಪ್ಪಯ್ಯ ಎದ್ದು ಹೊರಗೆ ಬಂದರು. ಅಕ್ಕ ಹಿಂದೆಯೇ ಬಂದಳು. ಅವಳ ಮುಖ ನೋಡದೆ ಹೇಳಿದರು: "ಮುಚ್ಚಿಡಲಿಲ್ಲ ನೀನು. ಅದಕ್ಕೆ ನಾನೇನೂ ಅನ್ನಲ್ಲ. ಆದ್ರೆ ಮಗಳೇ, ಇನ್ನು ನಿನ್ನ ಮನೇಲಿ ನೀರು ಕುಡಿಯೋಕೂ ನನ್ನ ಕೈಲಿ ಆಗಲ್ಲ. ಆಗಲ್ಲ ಅಂದ್ರೆ ಆಗಲ್ಲ, ಅಷ್ಟೆ."

"ಅಪ್ಪಯ್ಯಾ..." ಅಂದಳು ಅಕ್ಕ. ಅವರು ಆಗಲೇ ಸ್ಟೇಷನ್ನಿನ ದಾರಿ ಹಿಡಿದಿದ್ದರು. ಅಮ್ಮನಿಗೆ ಸೈಕಲ್ ದೀಪ ಇನ್ನೂ ತನ್ನ ಕೈಯಲ್ಲೇ ಇದೆ ಅಂತ ಆಗ ಗೊತ್ತಾಯಿತು. ಅದನ್ನು ಕಾಂಪೌಂಡ್ ಗೋಡೆಯ ಮೇಲೆ ಇಟ್ಟು, ಬೀದಿ ನಲ್ಲಿಯಲ್ಲಿ ಕೈ ತೊಳೆದುಕೊಂಡು, ಅಳುತ್ತ ಅಪ್ಪಯ್ಯನ ಹಿಂದೆ ಹೋದಳು.

ಕೆಲವು ದಿನಗಳಾದ ಮೇಲೆ ಅದೇ ಅಧ್ಯಕ್ಷೆ ಮನೆಗೆ ಬಂದರು. ಹಿಂದಿನ ಬಾಗಿಲಿನಿಂದ ಅಲ್ಲದಿದ್ದರೂ ಹೆಚ್ಚುಕಡಿಮೆ ಹಾಗೆಯೇ, ಅತ್ತಿತ್ತ ನೋಡುತ್ತ. ಕೂತವರು ದನಿ ಇಳಿಸಿದರು.

"ಬೆಂಗಳೂರಲ್ಲಿ ನನ್ನ ಮಗಳ ಮದುವೆ. ಗಂಡಿನ ಕಡೆಯವರು ದೊಡ್ಡ ಮನುಷ್ಯರು. ಒಂದು ಟೀ ಸೆಟ್ಟು ಮಾಡಿಕೊಡ್ತೀರಾ? ಈ ಡಬ್ಬ ಗಿಬ್ಬ ಬೇಡ, ಹೂವು ಬಳ್ಳಿ ಇರಲಿ. ಅಡಿಯಲ್ಲಿ ಇಂಗ್ಲಿಷಲ್ಲಿ ಯಾವುದಾದ್ರೂ ಇಂಗ್ಲೆಂಡಿನ ಊರಿನ ಹೆಸರು ಬರೆದ್ಬಿಡಿ. ಯಾರಿಗೂ ಹೇಳೋದು ಬೇಡ."

ಅಕ್ಕ ತುಂಬ ಮರ್ಯಾದೆಯಿಂದ, "ಬನ್ನಿ, ಹೆಂಗೆ ಮಾಡೋದು ಅಂತ ನೋಡಿಬಿಡಿ," ಅಂತ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಹಂಡೆ ಒಲೆಯ ಮೇಲಿತ್ತು. ಮುಚ್ಚಳ ತೆಗೆದಳು. ಆವಿ ಮುಖಕ್ಕೆ ಹೊಡೆಯಿತು. ಕುದಿಯುವ ನೊರೆಯಲ್ಲಿ ಒಂದು ತೊಡೆಮೂಳೆ ಮೇಲೆದ್ದು ತಿರುಗಿ ಮುಳುಗಿತು.

"ಇದೇ ನಿಮ್ಮ ಮಗಳ ಸೆಟ್ಟು. ಈಗಲೂ ಬೇಕು ಅಂದ್ರೆ ಮಾಡಿಕೊಡ್ತೀನಿ. ಅಡಿಯಲ್ಲಿ ಮಾತ್ರ ಭದ್ರಾವತಿ ಅಂತಲೇ ಬರೀತೀನಿ."

ಆಕೆ ಸೆರಗನ್ನು ಬಾಯಿಗೆ ತುರುಕಿಕೊಂಡು ಹಿತ್ತಲಲ್ಲೇ ಬಗ್ಗಿದರು. ನಾನು ನೀರು ತಂದುಕೊಟ್ಟೆ. ಅದು ನಮ್ಮ ಮನೆಯ ನೀರೆಂದು ಮುಟ್ಟಲಿಲ್ಲ. ಹೋದ ಮೇಲೆ ಅವರು ಕಕ್ಕಿದ್ದಕ್ಕೆ ಬೂದಿ ಹಾಕಿ ಗುಡಿಸಿದವಳು ನಾನು.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಅಕ್ಕಪಕ್ಕದವರು ಸೇರಿ ಭಾವನ ಬಳಿ ದೂರು ತಂದರು: ನಾಯಿ, ಹೊಗೆ, ನಾತ, ಹಬ್ಬದ ದಿನವೂ ಮೂಳೆ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಭಾವ ಅಕ್ಕನಿಗೆ ಬಿಡು ಅನ್ನಲಿಲ್ಲ, "ಇಲ್ಲಿ ಬೇಡ" ಅಂದರು. ಅಕ್ಕ ಗೂಡು ಒಡೆಸಿ, ಇಟ್ಟಿಗೆಗಳನ್ನು ಅದೇ ಮೂಳೆ ಗಾಡಿಯಲ್ಲಿ ಹೇರಿಸಿ, ಹಳಿಯ ಆಚೆಯ ಬಯಲಿಗೆ ಸಾಗಿಸಿದಳು. ಮೂಳೆ ವ್ಯಾಪಾರಿ ತನ್ನ ಜಾಗದ ಮೂಲೆಯಲ್ಲಿ ತಗಡಿನ ಶೆಡ್ಡಿಗೆ ಅವಕಾಶ ಕೊಟ್ಟ. ಪುಕ್ಕಟೆ ಅಲ್ಲ, ಬಾಡಿಗೆಯಲ್ಲಿ ಅವನು ಏನೂ ಬಿಡಲಿಲ್ಲ. ಅಷ್ಟರಲ್ಲಿ ನನಗೆ ಶಿವಮೊಗ್ಗಕ್ಕೇ ವರ್ಗವಾಯಿತು. ಮನೆಗೆ ಮರಳಿದ ದಿನ ಅಮ್ಮ ನನ್ನ ಬಟ್ಟೆಯನ್ನೆಲ್ಲ ಕುದಿಯುವ ನೀರಿಗೆ ಹಾಕಿದಳು. ನಾನು ತಡೆಯಲಿಲ್ಲ.

ಅಪ್ಪಯ್ಯ ಹೇಳಿದಂತೆಯೇ ನಡೆದುಕೊಂಡರು. ಅಕ್ಕ ಶಿವಮೊಗ್ಗಕ್ಕೆ ಬಂದರೆ ಹತ್ತಿರ ಕೂರಿಸಿಕೊಂಡು ಮಾತಾಡುತ್ತಿದ್ದರು, ಅಂಗಡಿಯಿಂದ ಒಳ್ಳೆಯ ಸೀರೆ ತೆಗೆದುಕೊಡುತ್ತಿದ್ದರು. ಅವಳ ಮನೆಗೆ ಮಾತ್ರ ಮತ್ತೆ ಕಾಲಿಡಲಿಲ್ಲ.

ಎರಡು ವರ್ಷ ಬಿಟ್ಟು ಒಂದು ಬೇಸಿಗೆಯಲ್ಲಿ ನಾನು ಅಕ್ಕನ ಶೆಡ್ಡಿಗೆ ಹೋದೆ. ಆ ಬಯಲಿನಲ್ಲಿ ಮೂಳೆಯ ರಾಶಿಗಳು ಬಿಸಿಲಿಗೆ ಹೊಳೆಯುತ್ತಿದ್ದವು. ರಾಶಿಯಿಂದ ರಾಶಿಗೆ ನೊಣಗಳ ಮೋಡ. ಮೂಗು ಮುಚ್ಚಿಕೊಂಡೇ ದಾಟಿದೆ. ಅಕ್ಕ ಬಡವಾಗಿದ್ದಳು, ಕೂದಲಲ್ಲಿ ಬೂದಿ. ಮುಂಬಯಿಯ ಒಂದು ಅಂಗಡಿಯವರು ಅವಳ ಡಬ್ಬಗಳನ್ನು, ದೀಪಗಳನ್ನು ತರಿಸಿಕೊಳ್ಳುತ್ತಿದ್ದರಂತೆ. ಸಾಲಾಗಿ ಇಟ್ಟಿದ್ದ ಬಿಳಿ ಬಲ್ಬುಗಳಿಗೆ ಹುಲ್ಲು ಸುತ್ತುತ್ತ, "ಅಲ್ಲಿ ಯಾರೂ ಉಗುಳಲ್ಲ ಕಣೇ. ಆದ್ರೆ ಯಾರೂ ಅದರಲ್ಲಿ ಕುಡಿಯೋದೂ ಇಲ್ಲ. ಶೋಕೇಸಲ್ಲಿ ಇಡ್ತಾರೆ," ಅಂದಳು. ಸುತ್ತಿದ ಬಲ್ಬನ್ನು ಪೆಟ್ಟಿಗೆಗೆ ಇಟ್ಟು, "ಅಪ್ಪಯ್ಯ ಹೆಂಗಿದಾರೆ?" ಅಂದಳು.

ಮೂಳೆ ವ್ಯಾಪಾರಿಯ ಹೆಂಡತಿ ಪಕ್ಕದ ಗುಡಿಸಲಿನಿಂದ ಅಲ್ಯೂಮಿನಿಯಂ ಲೋಟಗಳಲ್ಲಿ ಟೀ ತಂದಳು. ಅಕ್ಕ ಇಸಿದುಕೊಂಡು ಗುಟುಕರಿಸಿದಳು. ನನ್ನ ಲೋಟದ ಅಂಚಿನಲ್ಲಿ ನೊಣ ಕೂತಿತ್ತು, ಓಡಿಸಿದೆ. ಲೋಟ ಸ್ವಚ್ಛವಾಗಿಯೇ ಇತ್ತು. ಆಕೆ ಬಾಗಿಲಲ್ಲಿ ನಿಂತು ನಾನು ಕುಡಿಯುವುದನ್ನೇ ನೋಡುತ್ತಿದ್ದಳು. ಕ್ಲಬ್ಬಿನ ಆ ಮುಖಗಳನ್ನು ನೆನೆಸಿಕೊಂಡು, ಹಠದಿಂದ, ಉಸಿರು ಬಿಗಿಹಿಡಿದು ಕುಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಲೋಟ ತುಟಿಯಿಂದ ಕೆಳಗಿಳಿಯಿತು. ಮನಸ್ಸು ಎಷ್ಟು ಹೇಳಿದರೂ ಗಂಟಲು ಕೇಳಲಿಲ್ಲ.

ಅಕ್ಕ ನನ್ನ ಮುಖ ನೋಡಿದಳು. ಕೈ ಚಾಚಿ ನನ್ನ ಲೋಟ ತೆಗೆದುಕೊಂಡು, ಉಳಿದದ್ದನ್ನು ತನ್ನ ಲೋಟಕ್ಕೆ ಬಗ್ಗಿಸಿಕೊಂಡು, ಆ ಹೆಂಗಸಿನ ಜೊತೆ ಮಾತಾಡುತ್ತ ಕುಡಿದು ಮುಗಿಸಿದಳು.